ಅಂಗಾತ ತೇಲಿದ ಕೋಣ

ಪಾಣೆಮಂಗಳೂರು ಸೇತುವೆಯ ಮೇಲೆ, ಬಂಟ್ವಾಳದ ಕಡೆಯಿಂದ ಮೂರನೇ ಕಂಬದ ನೇರಕ್ಕೆ ನಿಂತಿದ್ದೆ. ಜಡಿಮಳೆಯ ಆಟಿ ತಿಂಗಳು, ನಾನು ಕಲಿಸುತ್ತಿದ್ದ ಶಾಲೆಯ ಗಂಟೆಗೆ ಇನ್ನೂ ಹೊತ್ತಿತ್ತು. ನೇತ್ರಾವತಿ ಕೆಂಪಾಗಿ ಉಕ್ಕುತ್ತಿತ್ತು. ಇಷ್ಟು ಖಚಿತವಾಗಿ ಹೇಳಲು ಕಾರಣ, ಮುಂದಿನದನ್ನು ನಂಬದವರೇ ಹೆಚ್ಚು.

ನೆರೆಯಲ್ಲಿ ತೇಲಿಬರುವ ಮರ ಹಿಡಿಯುವುದು ನಮ್ಮಲ್ಲಿ ರೂಢಿ. ಹಿಡಿದವನದೇ ಮರ. ಅದರಲ್ಲಿ ಪಳಗಿದ ಮೋಣಪ್ಪ ಕೆಳಗೆ ದಡದಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದ. ನಾಲ್ಕು ಮೋಟು ಕೊಂಬೆಗಳ ದಪ್ಪ ದಿಮ್ಮಿಯೊಂದು ಬಂತು. ಹಲಸು ಎಂದುಕೊಂಡು ಕುಣಿಕೆ ಎಸೆದ. ಕೊಂಬೆಗೆ ಗೊರಸಿತ್ತು.

ಅಷ್ಟರಲ್ಲಿ ಬೆಳ್ತಂಗಡಿ ಕಡೆಯಿಂದ ದಡ ಹಿಡಿದು ನಡೆದೇ ಬಂದಿದ್ದ ದೂಮಣ್ಣ ಪೂಜಾರಿ ಅಲ್ಲಿಗೆ ಮುಟ್ಟಿದರು. ಕೊಚ್ಚಿಹೋದ ಕಂಬಳದ ಕೋಣ ಅವರದು. ಓಟದ ಕೋಣ ಸತ್ತರೆ ಮನೆಯವರನ್ನು ಕಳೆದುಕೊಂಡಂತೆ ಮಣ್ಣು ಮಾಡುವ ಮನೆತನ.

“ಬಿಡಬೇಡಿ ಮೋಣಪ್ಪಣ್ಣ. ಅದಕ್ಕೆ ಮಣ್ಣು ಕೊಡ್ಬೇಕು,” ಎಂದು ಹಗ್ಗಕ್ಕೆ ಕೈಹಾಕಿದರು. ನಾನೂ ಇಳಿದು ಎಳೆದೆ. ಎಳೆದಾಗ ಕೋಣದ ಬೆನ್ನು ಮೇಲಾಗುತ್ತಿತ್ತು. ಹಗ್ಗ ಸಡಿಲಾದೊಡನೆ ಉಬ್ಬಿದ ಹೊಟ್ಟೆ ಮತ್ತೆ ಮೇಲೆ. ಮೋಣಪ್ಪ ಕಾಲು ಜಾರಿ ಸೊಂಟದವರೆಗೆ ನೀರಿಗಿಳಿದ. ಆಗ ಮೊದಲು ಹಗ್ಗ ಬಿಟ್ಟವರು ದೂಮಣ್ಣನೇ. “ಬಿಡಿ. ನಾನು ಕಡಲಿನವರೆಗೆ ಹೋಗ್ತೇನೆ.”

ನದಿ ಕಡಲು ಸೇರುವ ಉಳ್ಳಾಲದವರೆಗೂ ಹೋಗಿ ಬರಿಗೈಯಲ್ಲಿ ಮರಳಿದರು. ನಾನು ಅಂದು ಕೆಸರು ಕಾಲಿನಲ್ಲೇ ತರಗತಿಗೆ ಹೋದೆ.

ಕೆಲವು ವರ್ಷಗಳಲ್ಲಿ ನನಗೆ ಮೂಡಬಿದಿರೆಗೆ ವರ್ಗವಾಯಿತು. ಅಲ್ಲಿನ ವಾಚನಾಲಯದ ಪತ್ರಿಕೆಯೊಂದರಲ್ಲಿ, ಬೆನ್ನ ತುಂಬ ಎಲುಬಿನ ಕವಚ ಹೊತ್ತ ಡೈನೋಸಾರ್ ಬಗ್ಗೆ ಓದಿದೆ. ನೆಲದ ಪ್ರಾಣಿ, ಆದರೆ ಅದರ ಪಳೆಯುಳಿಕೆ ಪುರಾತನ ಕಡಲ ತಳದ ಕೆಸರುಗಲ್ಲಿನಲ್ಲೂ ಸಿಗುತ್ತದಂತೆ, ಅದೂ ಹೆಚ್ಚಾಗಿ ಅಂಗಾತ.

“ಸಮುದ್ರಸ್ನಾನಕ್ಕೆ ಹೋಗಿರಬೇಕು ಮಾರಾಯ್ರೆ,” ಎಂದರು ನಮ್ಮ ಶಾಲೆಯ ಸಂಸ್ಕೃತ ಪಂಡಿತರು, “ಕವಚ ಬಿಚ್ಚಿಡಲು ಮರೆತಿರಬೇಕು.”

ನಾನೂ ನಕ್ಕೆ, ಆದರೆ ಬಿಡಲಿಲ್ಲ. ಕವಚವಿಲ್ಲದ ಕೋಣವೇ ಮಗುಚಿಕೊಂಡರೆ, ಅಷ್ಟು ಭಾರದ ಬೆನ್ನಿನದು ಮಗುಚದೆ ಇದ್ದೀತೇ? ನೆರೆ ಒಯ್ದಿತು, ಉಬ್ಬಿದ ಹೊಟ್ಟೆ ತೇಲಿಸಿತು, ಹೊಟ್ಟೆಯ ಗಾಳಿ ಹೋದ ಮೇಲೆ ಬೆನ್ನು ಅಡಿಯಾಗಿ ಮುಳುಗಿತು, ಕೆಸರು ಮುಚ್ಚಿತು.

“ಸಾಕ್ಷಿ ಉಂಟೋ?” ಎಂದರು ಪಂಡಿತರು.

“ಉಂಟು. ಹಗ್ಗ ಹಿಡಿದಿದ್ದೆ.”

ಮುಂದಿನ ಭಾನುವಾರ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದೆ. ದೂಮಣ್ಣನಿಗೆ ಎಲ್ಲವನ್ನೂ ನಿಧಾನವಾಗಿ, ಕೆಸರಿನವರೆಗೂ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

“ಹಾಗಾದರೆ ಅದಕ್ಕೆ ಮಣ್ಣು ಸಿಕ್ಕಿತು ಮಾಸ್ಟ್ರೆ,” ಎಂದರು.

ಮೋಣಪ್ಪ ಈಗಿಲ್ಲ. ದೂಮಣ್ಣ ಪೂಜಾರಿ ಇದ್ದಾರೆ. ಸಂಶಯವಿದ್ದವರು ಹೋಗಿ ಕೇಳಬಹುದು. ಕೋಣವನ್ನು ಎಲ್ಲಿ ಮಣ್ಣು ಮಾಡಿದ್ದು ಎಂದರೆ, ಜಗಲಿಯಿಂದ ಏಳದೆಯೇ ಪಡುವಣಕ್ಕೆ, ಕಡಲಿನತ್ತ ಕೈ ತೋರಿಸುತ್ತಾರೆ.