ಸರ್ವರ್‌ಗೆ ಇಟ್ಟ ಗಂಧ

ಸರ್ವರಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯ ಅಂಚಿಗೆ ಗಂಧ ಒಣಗಿ ಅಂಟಿಕೊಂಡಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಸಂಜೆ ಐದಕ್ಕೆ.

ಚಾಮರಾಜಪೇಟೆಯ ಆ ಮುದ್ರಣಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದಷ್ಟೇ ನನ್ನ ಕೆಲಸ. ಆಯುಧಪೂಜೆ ಮುಗಿದು ಬಾಗಿಲು ತೆರೆದ ದಿನ ಸರ್ವರ್ ಯಾವ ಕಂಪ್ಯೂಟರಿಗೂ ಸಿಗಲಿಲ್ಲ. ಮದುವೆ ಕಾರ್ಡುಗಳ ವಿನ್ಯಾಸಗಳೆಲ್ಲ ಅದರೊಳಗೇ ಇದ್ದುದರಿಂದ ಮುದ್ರಣ ನಿಂತುಹೋಯಿತು. ನಾನು ನೆಟ್‌ವರ್ಕ್ ಕಾರ್ಡಿನ ವಿಳಾಸ ಬದಲಿಸಿದೆ, ವೇಗ ಬದಲಿಸಿದೆ, ಕೊನೆಗೆ ಹಳೆಯ ಸೆಟ್ಟಿಂಗುಗಳನ್ನೆಲ್ಲ ಅಳಿಸಿಹಾಕಿದೆ. ಅವನ್ನು ಎಲ್ಲೂ ಬರೆದಿಟ್ಟಿರಲಿಲ್ಲ.

"ಏನಮ್ಮಾ, ಪೂಜೆ ಮಾಡಿದ್ಮೇಲೇ ಕೆಟ್ಟೋಯ್ತಲ್ಲ. ದೇವರಿಗೂ ಪಾಸ್‌ವರ್ಡ್ ಕೇಳ್ತಾ ಅದು?" ಎಂದರು ಮಾಲೀಕರು. ಸ್ವಲ್ಪ ಹೊತ್ತಿನ ಮೇಲೆ, "ನಾಳೆನೂ ಆಗ್ದಿದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀನಿ," ಎಂದರು.

ಪೂಜೆಯ ದಿನ ಕೇಬಲ್ ಬಿಚ್ಚಿ, ಒರೆಸಿ, ಬೊಟ್ಟಿಟ್ಟವಳು ನಾನೇ. ಗಂಧ ಕಿಂಡಿಯೊಳಗೆ ಇಳಿದು ಕೇಬಲ್ ತಾಗದಂತೆ ಮಾಡಿತ್ತು. ನೆಟ್‌ವರ್ಕ್ ಕಾರ್ಡಿಗೆ ಏನೂ ಆಗಿರಲಿಲ್ಲ. ಚೆನ್ನಾಗಿದ್ದುದನ್ನು ಇಡೀ ದಿನ ಕೂತು ಕೆಡಿಸಿದ್ದೆ. ಆ ಸಂಜೆ ಮಾಲೀಕರಿಗೆ ಹೇಳದೆಯೇ ಮನೆಗೆ ಹೊರಟೆ.

ಮರುದಿನ ಬೆಳಿಗ್ಗೆ ಬೇರೆ ಕೆಲಸಗಾರರು ಬರುವ ಮೊದಲೇ ಹೋಗಿ ಮಾಲೀಕರಿಗೆ, "ಗಂಧ ಇಟ್ಟಿದ್ದು ನಾನೇ ಸರ್," ಎಂದು ಹೇಳಿ, ಸರ್ವರ್ ಕೋಣೆಯ ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟೆ.