ಮಿಕ್ಸಿ ಸದ್ದಿನಲ್ಲಿ ಹೇಳಿದ ಜಾತಿ

ನಾನು ಸ್ಕೂಲ್ ಮೇಡಂ. ಯಾರು ಹಿಂದುಳಿದಿದ್ದಾರೆ ಅಂತ ತಿಳಿಯೋಕೆ ಸರ್ಕಾರ ನಮ್ಮನ್ನ ಗಣತಿಗೆ ಹಾಕಿದಾಗ ನಾನು ಹೆದರಿದ್ದು ಬೀದಿನಾಯಿಗಳಿಗೆ ಮಾತ್ರ.

ಚಾಮರಾಜಪೇಟೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದ ಹೆಂಗಸು ಹೆಸರು, ವಯಸ್ಸು, ಓದು ಎಲ್ಲ ಸರಾಗವಾಗಿ ಹೇಳಿದರು. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಮುಂದಿನ ಪ್ರಶ್ನೆಯನ್ನೂ ಗಟ್ಟಿಯಾಗಿಯೇ ಓದಿದೆ: "ನಿಮ್ಮ ಜಾತಿ?" ಆಕೆಯ ಮುಖ ಬಿಳಿಚಿಕೊಂಡಿತು. ಹೊರಗೆ ಜಗಲಿಯಲ್ಲಿ ಕೂತಿದ್ದ ಓನರಮ್ಮ ಹೂ ಕಟ್ಟೋದು ನಿಲ್ಲಿಸಿದರು.

ಆಕೆ ಎದ್ದು ಹೋಗಿ ಮಿಕ್ಸಿ ಹಾಕಿದರು. ಆ ಗದ್ದಲದಲ್ಲಿ ನನ್ನ ಕಿವಿಗೆ ಬಾಯಿಟ್ಟು ಜಾತಿ ಹೇಳಿದರು.

"ಮನೆ ಸಿಗಲಿ ಅಂತ ಓನರ್‌ಗೆ ಬೇರೆ ಜಾತಿ ಹೇಳಿದೀವಿ ಮಿಸ್. ಗೊತ್ತಾದ್ರೆ ಖಾಲಿ ಮಾಡಿಸ್ತಾರೆ."

ಆಕೆ ಹೇಳಿದ್ದನ್ನೇ ಮೊಬೈಲ್‌ನಲ್ಲಿ ಒತ್ತಿದೆ.

ಹೊರಗೆ ಬಂದ ತಕ್ಷಣ ಓನರಮ್ಮ ಕೇಳಿದರು: "ಏನಂತ ಬರೆಸಿದ್ರು ಮಿಸ್?"

"ನಿಮ್ಮದನ್ನೂ ಯಾರಿಗೂ ಹೇಳಲ್ಲಮ್ಮ" ಅಂದೆ. 

ಎರಡು ದಿನ ಬಿಟ್ಟು ವೈಯಾಲಿಕಾವಲ್‌ನಲ್ಲಿ ನಮ್ಮ ಬಾಡಿಗೆ ಮನೆಗೂ ಗಣತಿಯವರು ಬಂದರು. ನಮ್ಮ ಓನರ್ ಮೆಟ್ಟಿಲ ಮೇಲೇ ನಿಂತಿದ್ದರು. ಆ ಪ್ರಶ್ನೆ ಬರುವಷ್ಟರಲ್ಲಿ ನಾನೂ ಎದ್ದು ಹೋಗಿ ಮಿಕ್ಸಿ ಹಾಕಿದೆ. ಜಾರಿನಲ್ಲಿ ಏನೂ ಇರಲಿಲ್ಲ.