ಗಾಜಿನ ಜಿಂಕೆಯ ಮನೆಯಲ್ಲಿ ವರಾನ್ವೇಷಣೆ

ಗೆಳೆಯರೇ, ಜೀವಸಹಿತ ಮರಳಿದ್ದೇನೆ. ಇಂದು ಅಪ್ಪ, ಅವ್ವ ಮತ್ತು ನಾನು ಅಕ್ಕನಿಗಾಗಿ ಸಿಂದಗಿಯಲ್ಲಿ ವರನ ಮನೆ ನೋಡಲು ಹೋಗಿದ್ದೆವು. ಬಾಗಿಲು ದಾಟಿದೊಡನೆ ಎಲ್ಲೆಲ್ಲೂ ಗಾಜು. ಗಾಜಿನ ಜಿಂಕೆ, ಗಾಜಿನ ನವಿಲು, ಆಳೆತ್ತರದ ಹೂದಾನಿ, ಚಾವಣಿಯಿಂದ ತಲೆಗೆ ತಾಗುವಂತೆ ತೂಗುವ ಝುಂಬರ್ ದೀಪ. ಕಾಲಿಡಲು ಜಾಗವಿಲ್ಲ.

"ಏನರ ಒಡದಿ ಅಂದ್ರ ನಿಮ್ಮಕ್ಕನ ಲಗ್ನ ಮುರೀತು ನೋಡು," ಎಂದು ಅವ್ವ ಚಿವುಟಿದಳು.

ಉಸಿರನ್ನೂ ಅಳೆದು ಬಿಟ್ಟೆ. ಆದರೆ ಹಿರಿಯರಿಗೆ ನಮಸ್ಕರಿಸದೆ ಇರುವುದುಂಟೇ? ವರನ ತಾಯಿಯ ಕಾಲಿಗೆ ಬಗ್ಗಿದೆ. ಬೆನ್ನಿನ ಚೀಲ ಜಿಂಕೆಗೆ ಬಡಿದು, ಅದರ ಕೊಂಬು ನೆಲಕ್ಕೆ ಬಿತ್ತು.

ಆ ತಾಯಿ ಕೊಂಬನ್ನು ಎತ್ತಿಕೊಂಡು, ಕಪಾಟಿನಿಂದ ಅಂಟು ತೆಗೆದರು. "ಅಂಜಬ್ಯಾಡೋ ತಮ್ಮಾ. ನನ್ನ ಕಾಲಿಗೆ ಬಿದ್ದವ್ರೆಲ್ಲಾ ಅದನ್ನ ಮುರದಾರ."

ಬದುಕಿದೆವೆಂದುಕೊಂಡು ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ಕೇಳಿದಳು, "ಹುಡುಗ ಹೆಂಗದಾನೋ?"

ನಾನು ಅಪ್ಪನನ್ನು ನೋಡಿದೆ. ಅಪ್ಪ ಅವ್ವನನ್ನು ನೋಡಿದ.

"ಚಾ ತಂದುಕೊಟ್ಟಾವ ಅವನ ಇರಬೇಕವಾ," ಎಂದಳು ಅವ್ವ. "ಕಪ್ಪು ಎಲ್ಲಿಡೂದು ಅನ್ನೂ ಅಂಜಿಕ್ಯಾಗ ಮಾರಿ ನೋಡಲಿಲ್ಲ."

ಹುಡುಗನನ್ನು ನೋಡಲು ಭಾನುವಾರ ಮತ್ತೆ ಅಲ್ಲಿಗೇ ಹೋಗಬೇಕಂತೆ. ನನಗೆ ಈಗಲೇ ಜ್ವರ ಬಂದಿದೆ. ಅವ್ವ ಕೇಳಿದರೆ ದಯವಿಟ್ಟು ಎಲ್ಲರೂ ಸಾಕ್ಷಿ ಹೇಳಿ.